ಚೀಟಿ ದುಡ್ಡಿನಲ್ಲಿ ಅಲ್ಮಾಟಿಗೆ

ತಾಷ್ಕೆಂಟಿನ ಕಡೆಯ ರೇಷ್ಮೆ ಊರು ಮರ್ಗಿಲಾನಿನ ಹೆಂಗಸರು ಹಾಕುವ ಚೀಟಿಗೆ ಗಪ್ ಎಂದು ಹೆಸರು. ಹೆಸರು ಗಪ್ ಆದರೂ ಅಲ್ಲಿ ಗಪ್ಪಾಗಿ ಕೂತವರನ್ನು ಈವರೆಗೆ ಯಾರೂ ಕಂಡಿಲ್ಲ. ತಿಂಗಳಿಗೊಮ್ಮೆ ಹನ್ನೆರಡು ಮನೆಯ ಹನ್ನೆರಡು ಹೆಂಗಸರು ಒಬ್ಬರ ಮನೆಯಲ್ಲಿ ಸೇರುತ್ತಾರೆ. ಪಲಾವ್ ಉಂಡು, ಹಸಿರು ಚಹಾ ಕುಡಿದು, ಕೇರಿಯ ಸೊಸೆಯರ ಗುಣಾವಗುಣಗಳನ್ನೆಲ್ಲ ತೂಗಿ ಮುಗಿಸಿದ ಮೇಲೆ ತಮ್ಮ ತಮ್ಮ ಪಾಲಿನ ದುಡ್ಡು ತೆಗೆದಿಡುತ್ತಾರೆ. ಯಾರ ಸರದಿಯೋ ಅವರಿಗೆ ಅಷ್ಟೂ ದುಡ್ಡು.

ಆ ವರ್ಷ ಜೂನ್ ತಿಂಗಳ ಸರದಿ ಹೋಸಿಯತ್‌ಳದು. ಐವತ್ತೈದು ವರ್ಷದ ಅವಳು ರೇಷ್ಮೆ ಕಾರ್ಖಾನೆಯ ಕೆಲಸ ಬಿಟ್ಟು ಹತ್ತು ವರ್ಷವಾಗಿತ್ತು. ಈ ದುಡ್ಡಿನಲ್ಲಿ ಏನು ಮಾಡುತ್ತಾಳೆಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಗಪ್ಪಿನ ದುಡ್ಡು ಅಂದರೆ ಹೊಸ ಹಾಸಿಗೆ, ಹೊಸ ರಜಾಯಿ, ಇಲ್ಲವೇ ಮದುವೆ. ಪ್ರತಿ ಮನೆಯಲ್ಲೂ ಗೋಡೆಗೂಡಿನ ತುಂಬ ಯಾರೂ ಹೊದೆಯದ ರಜಾಯಿಗಳು ಸೂರಿನವರೆಗೆ ಪೇರಿಸಿಟ್ಟಿರುತ್ತಿದ್ದವು.

"ಈ ಸಲ ರಜಾಯಿ ಇಲ್ಲ," ಎಂದಳು ಹೋಸಿಯತ್, ಚಹಾ ಬಗ್ಗಿಸುತ್ತ. "ಮನೆಮಂದಿಯೆಲ್ಲ ರೈಲು ಹತ್ತಿ ಎಲ್ಲಿಗಾದ್ರೂ ಹೋಗಿ ಬರ್ತೀವಿ."

ಪಕ್ಕದ ಮನೆಯ ತೋಜಿನಿಸಾ ಬಟ್ಟಲು ಕೆಳಗಿಟ್ಟಳು. "ಯಾರದಾದ್ರೂ ಮದ್ವೆನಾ? ಸಾವಾ?"

"ಎರಡೂ ಅಲ್ಲ. ಸುಮ್ನೆ."

"ಸುಮ್ನೆ," ಎಂದು ತೋಜಿನಿಸಾ ಉಳಿದವರ ಮುಖ ನೋಡಿದಳು. "ಕೇಳಿದ್ರೇನ್ರೇ? ಇಡೀ ಮನೆ ಸುಮ್ನೆ ರೈಲು ಹತ್ತುತ್ತಂತೆ. ನಮ್ಮನೆ ಬೆಕ್ಕು ಕೂಡ ಕೆಲಸ ಇಲ್ದೆ ಪಕ್ಕದ ಮನೆಗೆ ಹೋಗಲ್ಲಪ್ಪ."

ಎಲ್ಲರೂ ನಕ್ಕರು. ಹೋಸಿಯತ್ತೂ ನಕ್ಕಳು. ತೋಜಿನಿಸಾ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೋಸಿಯತ್ ತನ್ನ ಬದುಕಿನಲ್ಲಿ ಮನೆಮಂದಿಯೊಂದಿಗೆ ಸುಮ್ಮನೆ ಪ್ರಯಾಣ ಮಾಡಿದ್ದು ಒಂದೇ ಸಲ. ಆಗ ಅವಳಿಗೆ ಒಂಬತ್ತು ವರ್ಷ.

ಅವಳ ತಾಯಿ ಅದೇ ಕಾರ್ಖಾನೆಯಲ್ಲಿ ನೂಲು ಬಿಚ್ಚುತ್ತಿದ್ದಳು. ದಿನವಿಡೀ ಕುದಿನೀರಿನ ಬೋಗುಣಿಯಲ್ಲಿ ಗೂಡು ಬೇಯಿಸಿ ಎಳೆ ಹುಡುಕುವ ಕೆಲಸ. ವರ್ಷಕ್ಕೊಮ್ಮೆ, ಬೇಸಿಗೆಯ ಒಂದು ಭಾನುವಾರ, ಕಾರ್ಮಿಕ ಸಂಘದವರು ಶಾಹಿಮರ್ದಾನಿನ ಬೆಟ್ಟಕ್ಕೆ ಬಸ್ಸು ಬಿಡುತ್ತಿದ್ದರು. ಬಿಟ್ಟಿ ಪ್ರಯಾಣ, ಆದರೆ ಬಸ್ಸು ಒಂದೇ. ಸಾವಿರ ಜನ ದುಡಿಯುವ ಕಡೆ ನಲವತ್ತು ಸೀಟು. ಗೇಟಿನ ಬಳಿ ಹೆಸರಿನ ಪಟ್ಟಿ ಅಂಟಿಸುತ್ತಿದ್ದರು. ಆ ವರ್ಷ ತಾಯಿಯ ಹೆಸರು ಬಂದಾಗ ಮನೆಯಲ್ಲಿ ಒಂದು ವಾರ ಯಾರಿಗೂ ನಿದ್ದೆಯಿಲ್ಲ. ಐದು ಮಕ್ಕಳನ್ನೂ ಒಬ್ಬರ ತೊಡೆಯ ಮೇಲೊಬ್ಬರನ್ನು ಕೂರಿಸಿಕೊಂಡು, ಕಡಾಯಿ, ಅಕ್ಕಿ, ಗಜ್ಜರಿ, ಎರಡು ಕಲ್ಲಂಗಡಿ ಎಲ್ಲ ಹೊತ್ತು ಹೋದರು. ಹತ್ತುವಾಗ ಬಸ್ಸು ಬಿಸಿಯಾಗಿ ಮೂರು ಸಲ ನಿಂತಿತು. ನಿಂತಾಗಲೆಲ್ಲ ಗಂಡಸರು ಇಳಿದು ಹಾಡಿದರು.

ಬೆಟ್ಟದ ಹೊಳೆಯ ನೀರು ಹಲ್ಲು ಕಟಕಟ ಎನ್ನುವಷ್ಟು ತಣ್ಣಗಿತ್ತು. ಕಲ್ಲಂಗಡಿಯನ್ನು ಕಲ್ಲಿನ ಸಂದಿಯಲ್ಲಿ ಸಿಕ್ಕಿಸಿ ತಣ್ಣಗಾಗಲು ಬಿಟ್ಟು, ತಾಯಿ ದಡದಲ್ಲಿ ಕೂತು ಬೆಂದು ಬಿಳಚಿದ ತನ್ನ ಹತ್ತೂ ಬೆರಳನ್ನು ನೀರಿನಲ್ಲಿ ಅದ್ದಿದಳು. "ಇವಕ್ಕೂ ತಣ್ಣೀರು ಅಂದ್ರೆ ಏನೂಂತ ಗೊತ್ತಾಗ್ಲಿ," ಎಂದಳು. ಊಟಕ್ಕೆ ಕರೆದರೂ ಏಳಲಿಲ್ಲ.

ಮತ್ತೆ ಅವರ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಆಮೇಲೆ ಪಟ್ಟಿ ಅಂಟಿಸುವ ಸಂಘವೇ ಇಲ್ಲವಾಯಿತು. ಒಂದೇ ಆಗಿದ್ದ ದೇಶ ಹಲವಾಗಿ ಒಡೆದಾಗ ಆ ಬೆಟ್ಟ ಇವರ ದೇಶಕ್ಕೇ ಉಳಿಯಿತು, ಹೋಗುವ ದಾರಿ ಮಾತ್ರ ಪಕ್ಕದ ದೇಶದ ಪಾಲಾಯಿತು. ತಾಯಿ ಸತ್ತಾಗ ಎಪ್ಪತ್ತೊಂದು ವರ್ಷ. ಅಷ್ಟು ವರ್ಷದಲ್ಲಿ ಅವಳು ಕಂಡ ದೂರದ ನೀರು ಅದೊಂದೇ.

ಹೋಸಿಯತ್ ಮದುವೆಯಾಗಿ ಬಂದ ಮನೆಯಲ್ಲಿ ಪ್ರಯಾಣ ಅಂದರೆ ಗಂಡಸು ಮನೆ ಬಿಟ್ಟು ಹೋಗುವುದು. ಕಾರ್ಖಾನೆ ಅರ್ಧಂಬರ್ಧ ನಡೆಯತೊಡಗಿದ ಮೇಲೆ ಅವಳ ಗಂಡ ಸೋಲಿಜಾನ್ ಗಾರೆ ಕೆಲಸಕ್ಕೆಂದು ಗಡಿಯಾಚೆಯ ಅಲ್ಮಾಟಿಗೆ ಹೋದ. ಮಾರ್ಚ್‌ನಲ್ಲಿ ಹೋದರೆ ನವೆಂಬರಿನಲ್ಲಿ ಬರುವುದು. ಎರಡು ವರ್ಷವಂತೂ ಬರಲೇ ಇಲ್ಲ. ಹೀಗೆ ಹನ್ನೊಂದು ವರ್ಷ. ಅವನು ಕಳಿಸಿದ ದುಡ್ಡಿನಲ್ಲಿ ಸೂರಿಗೆ ತಗಡು ಬಂತು, ಮಗ ಇಕ್ರಮ್ ಓದಿ ಶಾಲಾ ಮಾಸ್ತರನಾದ, ಮನೆಗೆ ಸೊಸೆ ಬಂದಳು. ಒಂದು ಚಳಿಗಾಲ ಸೋಲಿಜಾನ್ ಮಂಡಿ ಹಿಡಿದುಕೊಂಡು ಕುಂಟುತ್ತ ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಊರಲ್ಲೇ ಅಲ್ಲಿ ಇಲ್ಲಿ ಟೈಲ್ಸ್ ಹಾಕುತ್ತ, ಅಂಗಳದ ದ್ರಾಕ್ಷಿ ಬಳ್ಳಿ ಸವರುತ್ತ ಉಳಿದ. ಅಲ್ಮಾಟಿ ಹೇಗಿದೆ ಎಂದು ಯಾರಾದರೂ ಕೇಳಿದರೆ, "ಕಟ್ಟಡ. ಇನ್ನೇನಿರುತ್ತೆ," ಎನ್ನುತ್ತಿದ್ದ.

ಪ್ರವಾಸದ ಮಾತು ಮೊದಲು ಎತ್ತಿದ್ದು ಸೊಸೆ ಮುನವ್ವರ್. ಬೆಟ್ಟ ಕೊರೆದು ಸುರಂಗ ಮಾಡಿ ತಾಷ್ಕೆಂಟಿಗೆ ನೇರ ರೈಲು ಬಿಟ್ಟು ಎರಡು ವರ್ಷವಾಗಿತ್ತು. ಇಕ್ರಮನ ಶಾಲೆಯ ಬೇರೆ ಮಾಸ್ತರರ ಮನೆಯವರು ಒಬ್ಬೊಬ್ಬರಾಗಿ ರಜೆಯಲ್ಲಿ ಸಮರ್‌ಕಂದ್, ಬುಖಾರ ಎಂದು ಹೋಗಿ ಬಂದು ಫೋಟೋ ತೋರಿಸುತ್ತಿದ್ದರು. ಮುನವ್ವರ್ ಬಣ್ಣದ ಅತ್ಲಾಸ್ ರೇಷ್ಮೆಯ ಲಂಗ ಹೊಲಿದು ಮಾರುತ್ತಿದ್ದಳು, ಅವಳ ಕೈಯಲ್ಲೂ ಒಂದಿಷ್ಟು ಇತ್ತು. ಆ ವಸಂತದಲ್ಲಿ ಮನೆಯವರೆಲ್ಲ ನಡುಮನೆಯನ್ನು ರೇಷ್ಮೆ ಹುಳುವಿಗೆ ಬಿಟ್ಟುಕೊಟ್ಟು, ತಿಂಗಳುಗಟ್ಟಲೆ ಹಿಪ್ಪುನೇರಳೆ ಕಡ್ಡಿ ಹೊತ್ತು, ತಾವು ಅಡುಗೆಮನೆಯಲ್ಲಿ ಒತ್ತೊತ್ತಾಗಿ ಮಲಗಿ ಸಾಕಿದ್ದಕ್ಕೆ ಗೂಡಿನ ದುಡ್ಡು ಬಂದಿತ್ತು.

"ಅಮ್ಮ, ಗೂಡಿನ ದುಡ್ಡು, ನಿಮ್ಮ ಗಪ್ಪಿನ ದುಡ್ಡು, ನನ್ನ ಹೊಲಿಗೆದು, ಇವರ ರಜೆ ಸಂಬಳ. ಸೇರಿಸಿದ್ರೆ ಮಕ್ಕಳಿಬ್ಬರೂ ಸೇರಿ ಆರೂ ಜನಕ್ಕೆ ಆಗುತ್ತೆ," ಎಂದಳು ಅತ್ತೆಗೆ. "ಇನ್ನೊಂದು ರಜಾಯಿ ಇಟ್ರೆ ಗೋಡೆ ಬೀಳುತ್ತೆ ಅಷ್ಟೆ."

ಸೋಲಿಜಾನ್ ಮಾತ್ರ ಒಪ್ಪಲಿಲ್ಲ. "ನೀವು ಹೋಗ್ಬನ್ನಿ. ನಾನು ರೈಲು ಹತ್ತಿದ್ದು ಏಳು ಜನ್ಮಕ್ಕೆ ಸಾಕು."

"ಅಪ್ಪ, ಕೆಲಸಕ್ಕಲ್ಲ, ನೋಡೋಕೆ," ಎಂದಳು ಮುನವ್ವರ್.

"ನೋಡೋಕೆ ನನ್ನ ದ್ರಾಕ್ಷಿ ಇದೆ."

ಹೋಸಿಯತ್ ಒತ್ತಾಯ ಮಾಡಲಿಲ್ಲ. ಮೂರು ದಿನ ಬಿಟ್ಟು, ಅವನು ಬಳ್ಳಿಗೆ ಹುರಿ ಕಟ್ಟುತ್ತಿದ್ದಾಗ ಏಣಿ ಹಿಡಿದು ನಿಂತು ಕೇಳಿದಳು. "ಇಕ್ರಮನಪ್ಪ, ಎಲ್ಲಾ ಬಿಡಿ. ಹೋಗೋದಾದ್ರೆ ಯಾವೂರಿಗೆ ಹೋಗ್ತಿದ್ರಿ?"

ಅವನು ಹುರಿಯ ಗಂಟನ್ನು ಇನ್ನೊಮ್ಮೆ ಬಿಗಿದ. ಆಮೇಲೆ ಹೇಳಿದ: "ಅಲ್ಮಾಟಿಗೆ."

ಹೊರಟ ದಿನ ನಿಲ್ದಾಣದಲ್ಲಿ ಹೋಸಿಯತ್‌ಗೆ ಅಳು ಬಂತು. ಅದೇ ಪ್ಲಾಟ್‌ಫಾರಂ. ಎಷ್ಟೋ ಸಲ ಹೆಂಗಸರೆಲ್ಲ ಇಲ್ಲಿ ನಿಂತು ಕೆಲಸಕ್ಕೆ ಹೊರಟ ಗಂಡಂದಿರಿಗೆ ಕೈಬೀಸಿ, ಖಾಲಿ ಕೈಯಲ್ಲಿ ಮನೆಗೆ ಹೋಗಿದ್ದರು. ಈಗ ರೊಟ್ಟಿಯ ಗಂಟು, ಸಮೋಸದ ಡಬ್ಬ ಹಿಡಿದು ತಾನೇ ಒಳಗೆ ಹತ್ತಿ ಕೂತಿದ್ದಾಳೆ, ಎದುರಿಗೆ ಮೊಮ್ಮಕ್ಕಳು ನಿಗಿನಾ ಮತ್ತು ರೋಬಿಯಾ ಕಿಟಕಿಗಾಗಿ ಕಿತ್ತಾಡುತ್ತಿದ್ದಾರೆ. ಸುರಂಗ ಬಂದಾಗ ಇಬ್ಬರೂ ಎಣಿಸಲು ಶುರುಮಾಡಿ ಆರುನೂರಕ್ಕೆ ಸೋತು ನಿದ್ದೆಹೋದರು.

ಸೋಲಿಜಾನ್ ಮಾತ್ರ ನಿದ್ದೆ ಮಾಡಲಿಲ್ಲ. ಚೀಲದ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡು ಕೂತಿದ್ದ. ಒಂದು ಕೈ ಕಾಗದಪತ್ರವಿದ್ದ ಕೋಟಿನ ಒಳಜೇಬಿನ ಮೇಲೆ. ಹೋಸಿಯತ್ ರೊಟ್ಟಿ ಮುರಿದುಕೊಟ್ಟರೆ ಇನ್ನೊಂದು ಕೈಯಲ್ಲಿ ತೆಗೆದುಕೊಂಡ, ಮೊದಲಿನ ಕೈ ಜೇಬು ಬಿಡಲಿಲ್ಲ. ತಾಷ್ಕೆಂಟಿನಲ್ಲಿ ರೈಲು ಬದಲಿಸಿ ಗಡಿ ತಲುಪಿದಾಗ ಸಮವಸ್ತ್ರ ತೊಟ್ಟ ಎಳೆಯ ಕಝಕ್ ಅಧಿಕಾರಿಯೊಬ್ಬ ಬಂದ. ಬಾಗಿಲಲ್ಲಿ ಅವನ ಟೋಪಿ ಕಾಣುತ್ತಲೇ ಸೋಲಿಜಾನ್ ಎದ್ದು ನಿಂತುಬಿಟ್ಟ. ಬೆನ್ನು ಸ್ವಲ್ಪ ಬಗ್ಗಿತ್ತು. ಕಾಗದಗಳು ಆಗಲೇ ಕೈಯಲ್ಲಿದ್ದವು.

"ಕೆಲಸಕ್ಕಲ್ಲ ಸ್ವಾಮಿ," ಎಂದ, ಯಾರೂ ಕೇಳದೆಯೇ. "ಮನೆಯವರ ಜೊತೆ ಬಂದಿದೀನಿ. ಇವಳು ನನ್ನ ಹೆಂಡ್ತಿ."

"ಕೂತ್ಕೊಳ್ಳಿ ಯಜಮಾನ್ರೇ, ಯಾಕೆ ಎದ್ರಿ," ಎಂದ ಹುಡುಗ. ಮುದ್ರೆ ಒತ್ತಿ, ರೋಬಿಯಾಳ ಕೆನ್ನೆ ಹಿಂಡಿ, "ಚೆನ್ನಾಗಿ ಸುತ್ತಾಡಿ," ಎಂದು ಹೋದ.

ಸೋಲಿಜಾನ್ ಇನ್ನೂ ನಿಂತೇ ಇದ್ದ. ಮಗ ಇಕ್ರಮ್ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದ. ಗಂಡ ಕಳಿಸಿದ ದುಡ್ಡು ಹೋಸಿಯತ್‌ಗೆ ಗೊತ್ತಿತ್ತು. ತಂದ ಕೋಟು, ಬೂಟು, ಜಮಖಾನೆ ಗೊತ್ತಿತ್ತು. ಹನ್ನೊಂದು ವರ್ಷ ಅವನು ಹೀಗೆ ಎದ್ದು ನಿಂತಿದ್ದು ಮಾತ್ರ ಈಗಲೇ ಗೊತ್ತಾದದ್ದು. ಅವಳು ಅವನ ತೋಳು ಹಿಡಿದು ಕೂರಿಸಿದಳು. ಚಹಾ ಬಗ್ಗಿಸಿ ಕೊಟ್ಟಳು.

ಅಲ್ಮಾಟಿಯಲ್ಲಿ ಇಳಿದು, ಹಿಡಿದಿದ್ದ ಬಾಡಿಗೆ ಕೋಣೆಯಲ್ಲಿ ಸಾಮಾನು ಇಟ್ಟದ್ದೇ ತಡ, ಸೋಲಿಜಾನ್ ಎಲ್ಲರನ್ನೂ ಹೊರಡಿಸಿದ. ಮಂಡಿ ನೋವಿನವನು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ. ದೊಡ್ಡ ಬೀದಿಯೊಂದರಲ್ಲಿ ಹದಿನಾರು ಅಂತಸ್ತಿನ ಹಳದಿ ಕಟ್ಟಡದ ಎದುರು ನಿಂತ.

"ಇದರ ಗಾರೆ ನಂದು. ಆರನೇ ಮಹಡಿಯಿಂದ ಹನ್ನೊಂದರವರೆಗೆ. ನೋಡು ಇಕ್ರಮ್, ಒಂದು ಬಿರುಕು ಇದ್ರೆ ಹೇಳು."

ಇಕ್ರಮ್ ನಿಜಕ್ಕೂ ಹುಡುಕಿದ. "ಇಲ್ಲಪ್ಪ."

ಕಾವಲುಗಾರ ಹತ್ತಿರ ಬಂದು, "ಯಾರ ಮನೆಗೆ?" ಎಂದ.

"ಯಾರ ಮನೆಗೂ ಇಲ್ಲ. ಕಟ್ಟಿದ್ದು ನಾನು. ಮೊಮ್ಮಕ್ಕಳಿಗೆ ತೋರಿಸ್ತಿದೀನಿ."

ಕಾವಲುಗಾರ ಕಟ್ಟಡವನ್ನೂ ಅವನನ್ನೂ ಒಮ್ಮೆ ನೋಡಿ, "ಹಾಗಾದ್ರೆ ನಿಧಾನವಾಗಿ ತೋರಿಸಿ," ಎಂದು ತನ್ನ ಕುರ್ಚಿಗೆ ಮರಳಿದ.

ಕಟ್ಟಡದ ಮಗ್ಗುಲಲ್ಲಿ ಐದಾರು ಮೆಟ್ಟಿಲು ಇಳಿದರೆ ನೆಲಮಾಳಿಗೆಯಲ್ಲಿ ಒಂದು ಕೇಕಿನ ಅಂಗಡಿ. ಸೋಲಿಜಾನ್ ಮೆಟ್ಟಿಲ ಮೇಲೆ ತಡೆದು ನಿಂತ. "ಆಗ ಇಲ್ಲಿ ಅಂಗಡಿ ಇರ್ಲಿಲ್ಲ," ಎಂದ. ನಿಗಿನಾ ಕೇಕು ಕಂಡು ಆಗಲೇ ಒಳಗೆ ಹೋಗಿದ್ದಳು. ಎಲ್ಲರೂ ಹೋಗಿ ಒಂದು ಮೇಜು ಹಿಡಿದು ಕೂತರು.

"ಇಲ್ಲೇ ಮಲಗ್ತಿದ್ವಿ," ಎಂದ ಅವನು, ಸುತ್ತ ನೋಡುತ್ತ. "ಹದಿನಾಲ್ಕು ಜನ. ನನ್ನ ಜಾಗ ಅಲ್ಲಿ, ಆ ಗಾಜಿನ ಪೆಟ್ಟಿಗೆ ಇದೆಯಲ್ಲ, ಅದರ ಕೆಳಗೆ."

"ತಾತ, ಇದು ನಿಮ್ಮನೇನಾ?" ಎಂದಳು ರೋಬಿಯಾ.

"ಹೂಂ ಪುಟ್ಟಾ. ಎರಡು ಚಳಿಗಾಲ."

ಹೋಸಿಯತ್ ಗೋಡೆಯ ಮೇಲ್ತುದಿಯಲ್ಲಿದ್ದ ಮೊಳದುದ್ದದ ಕಿಟಕಿಯನ್ನು ನೋಡುತ್ತಿದ್ದಳು. ಹೊರಗೆ ನಡೆಯುವವರ ಬೂಟು, ಚಪ್ಪಲಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮನೆಗೆ ಬಾರದ ಆ ಎರಡು ವರ್ಷ ಅವನು ಫೋನಿನಲ್ಲಿ ಹೇಳಿದ್ದ ಮಾತು ಅವಳಿಗೆ ಅಕ್ಷರ ಅಕ್ಷರವಾಗಿ ನೆನಪಿತ್ತು.

"ಒಳ್ಳೆ ರೂಮು ಸಿಕ್ಕಿದೆ, ಬೆಚ್ಚಗಿದೆ, ಕಿಟಕಿ ಇದೆ ಅಂದಿದ್ರಲ್ಲ."

"ಇದೆಯಲ್ಲ ಕಿಟಕಿ. ಸುಳ್ಳು ಎಲ್ಲಿ ಹೇಳ್ದೆ?" ಎಂದ ಸೋಲಿಜಾನ್.

ಅವಳು ಚಮಚದಲ್ಲಿ ಚಹಾ ತಿರುವಿದಳು. "ಆ ವರ್ಷ ನಾನೂ ಹೇಳಿದ್ದೆ, ಎಲ್ಲಾ ಚೆನ್ನಾಗಿದೆ ಅಂತ. ಸೂರಿನ ಒಂದು ಮೂಲೆ ಕುಸಿದು ಬಿದ್ದಿತ್ತು. ಫೆಬ್ರವರಿ ಪೂರ್ತಿ ನಾವು ತೋಜಿನಿಸಾ ಮನೇಲಿ ಮಲಗಿದ್ವಿ."

"ನಿಜವಾ?"

"ಇಕ್ರಮ್‌ಗೆ ನ್ಯುಮೋನಿಯಾ ಆಗಿದ್ದೂ ಆವಾಗ್ಲೇ."

ಸೋಲಿಜಾನ್ ಮಗನ ಕಡೆ ನೋಡಿದ. ಇಕ್ರಮ್ ಹೌದೆಂದು ತಲೆ ಆಡಿಸಿದ. ಮೊದಲು ನಕ್ಕವಳು ಹೋಸಿಯತ್. ಆಮೇಲೆ ಸೋಲಿಜಾನ್‌ಗೂ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಏನಾಯಿತೆಂದು ಅಂಗಡಿಯ ಹುಡುಗಿ ಬಂದು ನೋಡಿ ಹೋದಳು. ಮೇಜಿನಿಂದ ಏಳುವಾಗ ಮಗ ಪರ್ಸು ತೆಗೆದರೆ ಸೋಲಿಜಾನ್ ಅವನ ಕೈ ತಳ್ಳಿದ. "ಇಲ್ಲಿ ನಾನು ಕೊಡ್ತೀನಿ," ಎಂದ.

ಮರುದಿನ ಕೇಬಲ್ ಕಾರಿನಲ್ಲಿ ಗುಡ್ಡ ಹತ್ತಿದರು. ಕೆಲಸದ ಏಣಿಯ ಮೇಲಿಂದ ಹನ್ನೊಂದು ವರ್ಷ ಅವನು ದಿನಾ ಆ ಪೆಟ್ಟಿಗೆಗಳು ತೇಲಿ ಹೋಗುವುದನ್ನು ನೋಡಿದ್ದನಂತೆ. ಒಳಗೆ ಕೂತವರು ಯಾರಿರಬಹುದು, ಅವರಿಗೆ ಇಷ್ಟು ಬಿಡುವು ಎಲ್ಲಿಂದ ಬಂತು ಎಂದು ಯೋಚಿಸುತ್ತಿದ್ದನಂತೆ. ಈಗ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ. ಒಳಜೇಬಿನ ಮೇಲೆ ಕೈ ಇರಲಿಲ್ಲ. ಹೋಸಿಯತ್ ಅದನ್ನು ಗಮನಿಸಿದಳು.

ಅವರು ಊರಿಗೆ ಮರಳಿದ ಮೇಲೆ ಗಪ್ಪಿನ ಹೆಂಗಸರಿಗೆ ಎರಡು ತಿಂಗಳಿಗಾಗುವಷ್ಟು ಮಾತು ಸಿಕ್ಕಿತು. "ಗಂಡ ಕೂಲಿ ಮಾಡಿದ ಜಾಗ ನೋಡೋಕೆ ಅಷ್ಟು ದೂರ ಹೋದ್ಯಾ?" ಎಂದು ತೋಜಿನಿಸಾ ಹಂಗಿಸಿದಳು. ಹಂಗಿಸಿದವಳೇ ಮರುವರ್ಷ ತನ್ನ ಸರದಿಯ ದುಡ್ಡು ಹಿಡಿದು ಒಂಬತ್ತು ಜನರನ್ನು ಕಟ್ಟಿಕೊಂಡು ಬುಖಾರಕ್ಕೆ ಹೋದಳು. ಕೇಳಿದವರಿಗೆ, "ನಮ್ಮದು ದರ್ಗಾ ಯಾತ್ರೆ, ತಿರುಗಾಟ ಅಲ್ಲ," ಎಂದಳು. ಅದರ ಮುಂದಿನ ವರ್ಷ ಆ ಮಾತನ್ನೂ ಆಡಲಿಲ್ಲ. ಕೇರಿಯಲ್ಲಿ ಒಬ್ಬರು ಕೊಬ್ಬಿಸಿದ ಹೋರಿ ಮಾರಿ ಹೊರಟರು, ಒಬ್ಬರು ಅಂಗಳದ ಏಪ್ರಿಕಾಟ್ ಒಣಗಿಸಿ ಮಾರಿ ಹೊರಟರು. ಮಗಳ ಮದುವೆಗೆ ಐನೂರು ಜನರನ್ನು ಕರೆಯುವ ಬದಲು ನೂರು ಜನರನ್ನು ಕರೆದು ಉಳಿದದ್ದರಲ್ಲಿ ಮನೆಮಂದಿಯೆಲ್ಲ ಹೋದವರೂ ಇದ್ದರು. ಹತ್ತಿ ತುಂಬುವವನು ರಜಾಯಿಗೆ ಗಿರಾಕಿಯಿಲ್ಲವೆಂದು ಗೊಣಗಿದ. ಅವನೂ ಒಂದು ಬೇಸಿಗೆ ಕಾಣೆಯಾದ, ಕೇಳಿದರೆ ಸಮರ್‌ಕಂದಿಗೆ ಹೋಗಿದ್ದನಂತೆ.

ಈಗ ಅದು ಮಾತಾಡುವ ಸಂಗತಿಯಾಗಿಯೇ ಉಳಿದಿಲ್ಲ. ಕಳೆದ ವರ್ಷ ಎಲ್ಲಿಗೆ ಹೋಗಿದ್ದೆವೆಂದು ಮಕ್ಕಳಿಗೇ ಮರೆತುಹೋಗುತ್ತದೆ. ಹೋಸಿಯತ್‌ಗೆ ಅದರಿಂದ ಒಮ್ಮೊಮ್ಮೆ ನೋವಾಗುತ್ತದೆ. ಒಂದು ವಾರ ನಿದ್ದೆಗೆಡುವ ಸುಖ ಇವರಿಗೆ ಸಿಗಲಿಲ್ಲವಲ್ಲ ಎನಿಸುತ್ತದೆ. ಮರುಕ್ಷಣವೇ, ಸಿಗದಿದ್ದದ್ದೇ ಒಳ್ಳೆಯದು ಎಂದೂ ಅನಿಸುತ್ತದೆ.

ಈ ವರ್ಷ ಸೋಲಿಜಾನ್ ಯಾರನ್ನೂ ಕೇಳದೆ ತಾನೇ ಹೋಗಿ ಮರುಭೂಮಿಯ ಅಂಚಿನ ಖೀವಾಕ್ಕೆ ಆರು ಟಿಕೆಟ್ ತಂದ. ಮುನವ್ವರ್‌ಗೆ ಸಿಟ್ಟು ಬಂತು. ಅದೇ ವಾರ ಯಾರದೋ ಮದುವೆಗೆ ಎಂಟು ಲಂಗ ಹೊಲಿದು ಕೊಡುವುದಾಗಿ ಒಪ್ಪಿಕೊಂಡಿದ್ದಳು.

"ಒಂದು ಮಾತು ಕೇಳ್ಬಾರ್ದಿತ್ತಾ ಅಪ್ಪ?"

"ಕೇಳಿದ್ರೆ ನೀನು ಮುಂದಿನ ತಿಂಗಳು ಅಂತೀಯ. ಆಗ ಅಲ್ಲಿ ಬಿಸಿಲು ಜಾಸ್ತಿ," ಎಂದ ಮಾವ, ಎಲ್ಲ ತಿಳಿದವನ ಹಾಗೆ.

ಮಾತಿಗೆ ಮಾತು ಬೆಳೆಯಿತು. ಇಕ್ರಮ್ ನಡುವೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಂಡ. ಹೋಸಿಯತ್ ಯಾರ ಪರವನ್ನೂ ವಹಿಸದೆ ಎದ್ದು ಸೊಸೆಯ ಹೊಲಿಗೆ ಯಂತ್ರದ ಪಕ್ಕ ಕೂತು, ಎಂಟು ಲಂಗದ ಅಂಚು ಮಡಿಸಲು ಶುರುಮಾಡಿದಳು.