ಅಚ್ಚಿನ ಅಂಕಿಯನ್ನು ನಂಬದ ರೂಕಾ

ರೂಕಾ ನಡೆದು ಬರುವುದನ್ನು ದೂರದಿಂದ ಕಂಡವರಿಗೆ, ಅವನ ಎಡಹೆಗಲ ಮೇಲೆ ಅದೃಶ್ಯವಾದ ಏಣಿಯೊಂದು ಇದೆಯೇನೋ ಅನ್ನಿಸುತ್ತದೆ. ಕೊಲ್ಲಿಯಂಚಿನ ಮಾಂಸದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕರೆಂಟಿನ ಕೆಲಸ ಮಾಡಿದವನು; ಕಾರ್ಖಾನೆ ಮುಚ್ಚಿತು, ಏಣಿ ಯಾರದೋ ಪಾಲಾಯಿತು, ಹೆಗಲಿನ ಓರೆ ಮಾತ್ರ ಉಳಿಯಿತು. ಅದರ ಜೊತೆಗೆ ಉಳಿದದ್ದು ಮೊಣಕೈ ಸವೆದ ಬೂದು ಕೋಟು, ಒಳಜೇಬಿನಲ್ಲಿ ಕೆಂಪು ಕಪ್ಪು ತಂತಿಗಳ ಮೀಟರು. ಡಬ್ಬಿಯ ಮೇಲೆ ಅಚ್ಚಾದ ಅಂಕಿಯನ್ನು ಅವನು ನಂಬಿದ್ದನ್ನು ನಮ್ಮ ಮಾವೋರಿ ಕೇರಿಯಲ್ಲಿ ಯಾರೂ ಕಂಡಿಲ್ಲ. ಇಸ್ತ್ರಿಪೆಟ್ಟಿಗೆಯಿರಲಿ, ಬಲ್ಬಿರಲಿ, "ಕೊಡಿಲ್ಲಿ, ಅಳೀತೀನಿ" ಎಂದು ಕೈ ಚಾಚುವನು. "ಮದುವೆ ದಿನ ನನ್ನನ್ನೂ ಅಳೆದಿದ್ದಾನೆ, ಎಷ್ಟು ಬಂತು ಅಂತ ಇವತ್ತಿಗೂ ಹೇಳಿಲ್ಲ" ಎಂದು ಅವನ ಹೆಂಡತಿ ನಗಿಸುತ್ತಿದ್ದಳು.

ಅವನ ದೊಡ್ಡಪ್ಪನ ಮಗಳು ಹೂರಿಯಾ. ಅತಿಥಿಗಳು ನಮ್ಮ ಕುಲದವರು ಕೂಡುವ ಮರಾಏ ಅಂಗಳಕ್ಕೆ ಕಾಲಿಡಬೇಕಾದರೆ ಮೊದಲು ಅವಳ ಕಂಠ ಎದ್ದು ಕರೆಯಬೇಕು. ಐವತ್ತು ವರ್ಷದ ಸಿಗರೇಟು ಆ ದೀರ್ಘ ಉಸಿರನ್ನು ತುಂಡರಿಸಿತ್ತು. ಹೊಸದಾಗಿ ಕಟ್ಟಿದ ಸಭಾಮನೆಯ ಬಾಗಿಲು ತೆರೆಯುವ ದಿನ ತಾನೇ ಕರೆಯಬೇಕೆಂಬ ಹಟದಿಂದ ಅವಳು ಸಿಗರೇಟು ಬಿಟ್ಟು, ಬ್ಯಾಟರಿಯಿಂದ ಆವಿ ಎಬ್ಬಿಸುವ ಕೊಳವೆ ಹಿಡಿದಳು. ಹನ್ನೊಂದು ದಿನ ಸುಖವಾಗಿ ಕಳೆದವು. ಹನ್ನೆರಡನೆಯ ದಿನ ಆವಿ ಕಾಯಿಸುವ ತಂತಿಸುರುಳಿ ಸವೆದು, ಹೊಸ ಡಬ್ಬಿಯದನ್ನು ಹಾಕಿ ಎಳೆದರೆ ಬಟ್ಟೆ ಸುಟ್ಟ ರುಚಿ, ಗಂಟಲು ಕಿತ್ತುಬರುವ ಕೆಮ್ಮು. ಎರಡು ಸುರುಳಿ ಬದಲಿಸಿದರೂ ಅದೇ ಪಾಡು.

"ನನ್ನ ಗಂಟಲೇ ಒಲ್ಲೆ ಅಂತಿದೆ ಕಣೋ ತಮ್ಮಾ. ಕರೆಯೋ ಕೆಲಸ ಬೇರೆ ಯಾರಿಗಾದ್ರೂ ಕೊಡಿ," ಎಂದು ರೂಕಾನ ಅಡಿಗೆಮನೆಯಲ್ಲಿ ಕೂತು ಕೈಚೀಲದಿಂದ ಸಿಗರೇಟು ಪ್ಯಾಕು ತೆಗೆದಳು. ಸಭಾಮನೆ ತೆರೆಯಲು ಉಳಿದದ್ದು ಹದಿನೆಂಟೇ ದಿನ.

ಸಮಾಧಾನದ ಮಾತು ರೂಕಾನಿಗೆ ಬಾರದು. "ಗಂಟಲನ್ನ ಆಮೇಲೆ ಬೈಯಕ್ಕಾ. ಸುರುಳಿ ಕೊಡಿಲ್ಲಿ."

ಡಬ್ಬಿಯ ಮೇಲೆ 2.4 ಓಮ್ ಎಂದಿತ್ತು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಮೀಟರಿನದೇ ತಪ್ಪೆಷ್ಟೆಂದು ಮೊದಲು ನೋಡಿಕೊಂಡು, ಆಮೇಲೆ ಸುರುಳಿಗೆ ಮುಟ್ಟಿಸಿದ. 1.2 ಬಂತು. ಅವಳ ಚೀಲದಲ್ಲಿದ್ದ ಹಳೆಯದಕ್ಕೆ ಮುಟ್ಟಿಸಿದರೆ ಸರಿಯಾಗಿ 2.4.

"ಅರ್ಧ!" ಎಂದು ಮೇಜು ಗುದ್ದಿದ.

"ಅರ್ಧ ಇದ್ರೆ ಕಾವೂ ಕಮ್ಮಿ ಆಗ್ಬೇಕಲ್ವೇನೋ?"

"ಅಲ್ಲೇ ಎಲ್ಲರೂ ಎಡವೋದು. ಓಮ್ ಅಂದ್ರೆ ಬಾಗಿಲಿನ ಇಕ್ಕಟ್ಟು. ನಮ್ಮ ಊಟದ ಮನೆ ಬಾಗಿಲು ನೆನೆಸ್ಕೋ. ಇಕ್ಕಟ್ಟು ಅರ್ಧ ಆದ್ರೆ ನುಗ್ಗೋ ಜನ ಎರಡು ಪಟ್ಟು, ಕಾವೂ ಎರಡು ಪಟ್ಟು. ವೋಲ್ಟು ಅಂದ್ರೆ ಹಿಂದಿನಿಂದ ತಳ್ಳೋ ಜೋರು. ಅದು ದುಪ್ಪಟ್ಟಾದ್ರೆ ಜನಾನೂ ದುಪ್ಪಟ್ಟು, ಒಬ್ಬೊಬ್ಬನ ರಭಸಾನೂ ದುಪ್ಪಟ್ಟು. ಕಾವು ನಾಲ್ಕು ಪಟ್ಟು! ಬುಡದ ತಿರುಪನ್ನ ಎಷ್ಟು ವೋಲ್ಟಿಗೆ ತಿರುಗಿಸಿದ್ದೀ?"

"ಪೂರ್ತಿ. 4.8ಕ್ಕೆ. ಹಳೇದಕ್ಕೆ ಅದೇ ಹಿತವಾಗಿತ್ತು."

"ಊರಿಗೆಲ್ಲಾ ಅಡಿಗೆ ಬೇಯೋ ಹಾಂಗಿ ಕುಳಿಗೆ ಬೆಂಕಿ ಹಾಕಿ ಒಂದು ಮೊಟ್ಟೆ ಬೇಯಿಸ್ತಿದ್ದೀಯಲ್ಲೇ!"

ಪತ್ರಿಕೆಯ ಅಂಚಿನಲ್ಲಿ ಏನೋ ಗೀಚಿ ಗುಣಿಸಿ, ಸುಡದ ಹೊಸ ಸುರುಳಿ ಹಾಕಿ, ಅದು ಕೊಳವೆಯೊಳಗಿನ ರಸದಲ್ಲಿ ನೆನೆಯುವ ತನಕ ಕಾದು, ಬುಡದ ತಿರುಪನ್ನು 3.4ಕ್ಕೆ ಇಳಿಸಿ ಅವಳ ಕೈಗಿತ್ತ. "ಈಗ ಹಳೇ ಕಾವೇ."

ಅವಳು ಅಂಜುತ್ತ ಎಳೆದಳು. ಕೆಮ್ಮು ಬರಲಿಲ್ಲ.

"ಏನಂತೆ ಗಂಟಲು?"

"ಬಾಯ್ಮುಚ್ಚೋ, ಇನ್ನೊಂದು ಸಲ ಎಳೀತೀನಿ," ಎಂದವಳು ಸಿಗರೇಟು ಪ್ಯಾಕನ್ನು ಒದ್ದೆ ಚಹಾಸೊಪ್ಪಿನ ಬುಟ್ಟಿಗೆ ಬಿಸುಟಳು.

ಸಭಾಮನೆ ತೆರೆದ ಬೆಳಿಗ್ಗೆ ಅತಿಥಿಗಳು ಅಂಗಳದ ಬಾಗಿಲಾಚೆ ನಿಂತಿದ್ದರು. ಕಪ್ಪು ಉಡುಗೆಯಲ್ಲಿ ಹೂರಿಯಾ ಮುಂದೆ ಬಂದು ಕಂಠ ಎತ್ತಿದಳು. ಆ ಕರೆ ಅಂಗಳ ದಾಟಿತು, ಹೊಸ ಕೆತ್ತನೆಯ ಕಂಬಗಳನ್ನು ಸುತ್ತಿತು, ಇನ್ನು ಮುರಿಯುತ್ತದೆ ಎನ್ನುವಲ್ಲಿ ಮುರಿಯದೆ ಮತ್ತೂ ಮೇಲೇರಿ ಕಡಲಿನತ್ತ ಹೋಯಿತು. ಆಚೆಯ ಮುದುಕಿಯರು ಅಳುತ್ತಲೇ ಒಳಗೆ ಹೆಜ್ಜೆಯಿಟ್ಟರು. ರೂಕಾ ಮಾತ್ರ ಅಡಿಗೆಯ ಹಂಡೆಗಳ ಪಕ್ಕ ಬೂದು ಕೋಟಿನಲ್ಲಿ ನಿಂತು ಕೈಗಡಿಯಾರ ನೋಡುತ್ತಿದ್ದ.

"ಹತ್ತೊಂಬತ್ತು ಸೆಕೆಂಡು, ಒಂದೇ ಉಸಿರು," ಎಂದ, ಅವಳು ಊಟಕ್ಕೆ ಬಂದಾಗ.

"ಇಪ್ಪತ್ತು ಕಣೋ! ನಿನ್ನ ಗಡಿಯಾರ ಯಾರು ಅಳೆದಿದ್ದಾರೆ?"

ಇಂಥವರನ್ನು ಲೋಕ ಸಂಶಯಪಿಶಾಚಿಗಳೆಂದು ಹಂಗಿಸುತ್ತದೆ. ಆದರೆ ಸೋತವರು ತಮ್ಮನ್ನೇ ಹಳಿದುಕೊಂಡು ಕೂತಾಗ, ತಪ್ಪು ಮನುಷ್ಯನದೆಂದು ಒಪ್ಪುವ ಮೊದಲು ವಸ್ತುವನ್ನು ಅಳೆದು ನೋಡುವವರು ಇವರೇ. ಕರುಣೆಯ ಮಾತೊಂದನ್ನೂ ಆಡದೆ, ಜೇಬಿನಿಂದ ಮೀಟರು ತೆಗೆಯುತ್ತಾರೆ.