ಸರ್ವೇಯರು, ಡ್ರೈವರು ಮತ್ತು ಇಪ್ಪತ್ತೆರಡು ನಿಮಿಷ

ಸರ್ವೇಯರನಿಗೆ ಮನೆಯಲ್ಲಿ ತನ್ನದು ಅಂತ ಇದ್ದದ್ದು ಒಂದೇ ಕೋಣೆ. ಉಳಿದ ಕೋಣೆಗಳಲ್ಲಿ ಅವನು ಉಣ್ಣುತ್ತಿದ್ದ, ಮಲಗುತ್ತಿದ್ದ, ಬೈಸಿಕೊಳ್ಳುತ್ತಿದ್ದ. ಬದುಕುತ್ತಿದ್ದದ್ದು ಮಾತ್ರ ಅದೊಂದರಲ್ಲಿ. ಹಜಾರಕ್ಕೆ ಅಂಟಿಕೊಂಡ, ಬೀದಿಗೆ ಬೇರೆ ಬಾಗಿಲಿದ್ದ ಕೋಣೆ. ಒಳಗೆ ಒಂದು ರೆಕಾರ್ಡ್ ಪ್ಲೇಯರ್, ಸೊಂಟದೆತ್ತರದ ಎರಡು ಸ್ಪೀಕರ್, ಮುನ್ನೂರು ಚಿಲ್ಲರೆ ರೆಕಾರ್ಡು, ಹೊಟ್ಟೆ ಹರಿದ ಒಂದು ಸೋಫಾ. ಸೋಫಾದ ಎಡ ಅರ್ಧ ಸರ್ವೇಯರನದು, ಬಲ ಅರ್ಧ ಅವನ ಹೆಂಡತಿಯ ತಮ್ಮನದು. ನಡುವೆ ಒಂದು ಸ್ಪ್ರಿಂಗು ಗಡಿಕಲ್ಲಿನ ಹಾಗೆ ಮೇಲೆದ್ದು ನಿಂತಿತ್ತು. ಇಬ್ಬರೂ ಅದನ್ನು ದಾಟುತ್ತಿರಲಿಲ್ಲ, ದಾಟಿದವನಿಗೆ ಸ್ಪ್ರಿಂಗೇ ಬುದ್ಧಿ ಹೇಳುತ್ತಿತ್ತು.

ಈ ಭಾವಮೈದ ಬಸ್ ಡ್ರೈವರು. ಇಪ್ಪತ್ತಾರು ಸ್ಟಾಪಿನ ಅದೇ ರೂಟನ್ನು ದಿನಕ್ಕೆ ಎಂಟು ಸಲ ಉಜ್ಜುವವನು. ಅದಕ್ಕೇ ಇರಬೇಕು, ಸಂಜೆ ಅವನಿಗೆ ಬೇಕಾದದ್ದು ಸ್ಟಾಪೇ ಇಲ್ಲದ ಸಂಗೀತ. ಹಗಲೆಲ್ಲಾ ಟ್ರಾಫಿಕ್ ಜ್ಯಾಮು, ಸಂಜೆಗೆ ಮ್ಯೂಸಿಕ್ ಜ್ಯಾಮು. ಅವನ ಆರಾಧ್ಯ ದೈವ ಒಂದು ಹಳೆಯ ಜ್ಯಾಮ್ ಬ್ಯಾಂಡು. ವೇದಿಕೆ ಹತ್ತಿದರೆ ಆ ಗಡ್ಡದವರು ಒಂದು ಹಾಡು ಶುರುಮಾಡಿ, ಎರಡನೇ ಸಾಲಿನ ಹೊತ್ತಿಗೆ ಹಾಡನ್ನು ಮರೆತು, ಮುಕ್ಕಾಲು ಗಂಟೆ ಗಿಟಾರಿನ ಹಿಂದೆ ಎಮ್ಮೆ ಹುಡುಕಿಕೊಂಡು ಹೋದವರ ಹಾಗೆ ಅಲೆದು, ಕೊನೆಗೆ ಎಮ್ಮೆ ಸಿಕ್ಕಿತೋ ಇಲ್ಲವೋ ಹೇಳದೆ ಇಳಿದುಹೋಗುತ್ತಿದ್ದರು. ಅದೇ ಹಾಡಿನ ನಲವತ್ತು ಬೇರೆ ಬೇರೆ ಸಂಜೆಗಳ ರೆಕಾರ್ಡಿಂಗು ಡ್ರೈವರನ ಹತ್ತಿರ ಇದ್ದವು. "ಇದು ಮಂಗಳವಾರದ್ದು ಭಾವ, ಬರೀ ಬೆಚ್ಚಗಿದೆ. ಶುಕ್ರವಾರದ್ದು ಕೇಳಿ, ಕುದೀತದೆ!" ಎನ್ನುತ್ತಿದ್ದ. ಸರ್ವೇಯರನಿಗೆ ಎರಡೂ ತಣ್ಣಗೇ ಕೇಳುತ್ತಿದ್ದವು.

ಸರ್ವೇಯರನ ಪಕ್ಷ ಪ್ರೋಗ್ರೆಸಿವ್ ರಾಕಿನದು. ಕಂಡವರ ಬೇಲಿ ಅಳೆದೂ ಅಳೆದೂ ಸಾಕಾದವನಿಗೆ, ಗಳಿಗೆಗೊಮ್ಮೆ ಬೇಲಿ ಕಿತ್ತು ಬೇರೆ ಕಡೆ ನೆಡುವ ಸಂಗೀತ ಹಿಡಿಸಿತ್ತು. ಅವನ ಬ್ಯಾಂಡಿನ ಒಂದು ಕೃತಿಯೆಂದರೆ ರೆಕಾರ್ಡಿನ ಒಂದು ಇಡೀ ಸೈಡು: ಏಳು ಭಾಗ, ಏಳಕ್ಕೂ ಉಪಶೀರ್ಷಿಕೆ, ನಾಲ್ಕು ಬಗೆಯ ಆರ್ಗನ್ನು, ತನ್ನ ಗಡಿಯಾರದೊಳಗೆ ತಾನೇ ಸಿಕ್ಕಿಹಾಕಿಕೊಂಡ ಒಬ್ಬ ರಾಜನ ಕತೆ. ತಾಳ ಐದು ಎಣಿಸುವಷ್ಟರಲ್ಲಿ ಏಳು, ಏಳಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಹದಿಮೂರು.

ಈ ಎರಡು ಬ್ಯಾಂಡುಗಳ ಅಸಲಿ ಹೆಸರು ಆ ಮನೆಯಲ್ಲಿ ಚಾಲ್ತಿಯಲ್ಲಿರಲಿಲ್ಲ. ಅಕ್ಕ, ಅಂದರೆ ಸರ್ವೇಯರನ ಹೆಂಡತಿ, ರೆಕಾರ್ಡಿನ ರಟ್ಟಿನ ಮೇಲಿನ ಚಿತ್ರ ನೋಡಿ ಇಟ್ಟ ಅಡ್ಡಹೆಸರೇ ಕಾಯಂ ಆಗಿತ್ತು. ಮೋಡದ ಮೇಲೆ ತೇಲುವ ಕೋಟೆಯಿದ್ದ ಸರ್ವೇಯರನ ಬ್ಯಾಂಡು ಕೋಟೆಯವರು. ಹೊಳೆಯ ದೋಣಿಯಲ್ಲಿ ನಾಯಿಯೊಂದು ನಿದ್ದೆಹೊಡೆಯುತ್ತಿದ್ದ ಡ್ರೈವರನ ಬ್ಯಾಂಡು ಹೊಳೆಯವರು.

"ನಿಮ್ಮವರದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಕಣಯ್ಯಾ," ಎನ್ನುತ್ತಿದ್ದ ಸರ್ವೇಯರ. "ಕೊನೆಗೆ ಕೈಗೆ ಏನೂ ಸಿಕ್ಕಲ್ಲ."

"ನಿಮ್ಮವರದ್ದು ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಭಾವ. ಆ ಇಲಿಗೂ ಏಳು ಉಪಶೀರ್ಷಿಕೆ!"

"ಅದು ವಾಸ್ತುಶಿಲ್ಪ ಕಣಯ್ಯಾ!"

"ಹಾಗಾದ್ರೆ ಅದಕ್ಕೆ ಬಾಡಿಗೆ ಕೊಡಿ, ಕೇಳೋದ್ಯಾಕೆ?"

ಒಂಬತ್ತು ವರ್ಷದಿಂದ ವಾರಕ್ಕೆ ಮೂರು ಸಂಜೆ ಇದೇ ಪಾರಾಯಣ. ರೆಕಾರ್ಡು ಪಾಪ ತನ್ನ ಪಾಡಿಗೆ ತಾನು ತಿರುಗುತ್ತಿತ್ತು.

ಗೋಡೆಯ ಆಚೆ ಹಜಾರದಲ್ಲಿ ಅಕ್ಕನ ಕೆಲಸ. ಅವಳು ಫಿಸಿಯೋಥೆರಪಿಯವಳು. ಹಿಡಿದ ಕತ್ತು, ಉಳುಕಿದ ಸೊಂಟ, ಮಡಚಲು ಒಲ್ಲದ ಮಂಡಿ, ಎಲ್ಲವೂ ಊಟದ ಮೇಜಿನ ಪಕ್ಕ, ಒಂದು ಪರದೆಯ ಹಿಂದೆ, ಮಡಚುವ ಮಂಚದ ಮೇಲೆ ಸರಿಹೋಗಬೇಕಾಗಿತ್ತು. ಮಂಚವೋ, ಒಮ್ಮೊಮ್ಮೆ ರೋಗಿಗಿಂತ ಮೊದಲು ತಾನೇ ಮಡಚಿಕೊಳ್ಳುತ್ತಿತ್ತು. ತಾಳ ತಪ್ಪಿದರೂ ತಾಳ್ಮೆ ತಪ್ಪದವಳು ಅವಳು. ಆದರೆ ಆ ವಾರ ಒಬ್ಬ ದಪ್ಪ ಗುಮಾಸ್ತರು ಮಂಚದ ಸಮೇತ ನೆಲಕ್ಕಿಳಿದ ಮೇಲೆ, ಶನಿವಾರ ಸಂಜೆ ಅವಳು ಸೀದಾ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ರೀ, ಈ ಕೋಣೆ ನನಗೆ ಬೇಕು."

ಸರ್ವೇಯರ ಸೋಫಾದ ತನ್ನ ಅರ್ಧವನ್ನು ಗಟ್ಟಿಯಾಗಿ ಹಿಡಿದುಕೊಂಡ. "ಕೋಣೆ ಯಾಕೆ? ಪರದೆ ದೊಡ್ಡದು ತರ್ತೀನಿ."

"ಪರದೆ ಮೇಲೆ ಮಲಗ್ತಾರಾ ಜನ? ಬೀದಿಗೆ ಬೇರೆ ಬಾಗಿಲಿರೋದು ಇದೊಂದಕ್ಕೇ. ಸರಿಯಾದ ಟೇಬಲ್ಲು ಹಾಕ್ಬೇಕು."

"ಅಕ್ಕಾ, ಇದು ನಾವು ಕೇಳೋ ಕೋಣೆ," ಎಂದ ಡ್ರೈವರು. ಅಪಾಯ ಬಂದಾಗ ಮಾತ್ರ ಅವನು 'ನಾವು' ಎನ್ನುತ್ತಿದ್ದ.

"ಕೇಳೋ ಕೋಣೆಯಾ? ಗೋಡೆ ಆಚೆಯಿಂದ ನಾನು ಒಂಬತ್ತು ವರ್ಷ ಕೇಳಿದೀನಪ್ಪಾ, ನೀವೇನು ಕೇಳ್ತೀರಿ ಅಂತ." ಅವಳು ಮೂಗು ಹಿಡಿದುಕೊಂಡು ಆರ್ಗನ್ನಿನ ಹಾಗೆ ಒಮ್ಮೆ ಊಳಿಟ್ಟು, ತಕ್ಷಣ ಗಂಡನ ದನಿ ತೆಗೆದಳು. ಗಂಟಲು ಕೆರೆತ, ಬೆರಳಲ್ಲಿ ಗಾಳಿಗೆ ಗೆರೆ ಎಳೆಯುವುದು, ಎಲ್ಲಾ ಸಮೇತ: "ಗಮನಿಸು, ಈಗ ಬರೋದು ಮೂರನೇ ಭಾಗದ ಎರಡನೇ ಉಪಭಾಗ..." ಮರುಗಳಿಗೆಯಲ್ಲಿ ತಮ್ಮ: ಕಣ್ಣು ಅರೆಮುಚ್ಚಿ, ಕತ್ತು ಸಡಿಲ ಬಿಟ್ಟು, "ಬಿಡಿ ಭಾವ, ಹರಿಯೋಕೆ ಬಿಡಿ, ಹರಿಯೋಕೆ..." ಇಬ್ಬರಿಗೂ ಮುಜುಗರವಾಯಿತು. ಒಬ್ಬರ ಅಣಕ ನೋಡಿ ಇನ್ನೊಬ್ಬರು ನಕ್ಕದ್ದರಿಂದ ಮುಜುಗರ ಇಮ್ಮಡಿಯಾಯಿತು.

"ಒಂದು ರೆಕಾರ್ಡು ಪೂರ್ತಿ ನೀವಿಬ್ಬರೂ ಬಾಯಿ ಮುಚ್ಕೊಂಡು ಕೇಳಿದ್ದು ನಾನು ಕಂಡಿಲ್ಲ. ಅದೂ ಸಾಲದು ಅಂತ ಪ್ರೋಗ್ರೆಸಿವ್ ಅಂತೆ. ಅಂದ್ರೆ ಮುಂದಕ್ಕೆ ಹೋಗೋದು ಅಲ್ವೇನ್ರೀ? ಮುನ್ನೂರಿದ್ರೂ ಒಂಬತ್ತು ವರ್ಷದಿಂದ ಹಾಕೋದು ಅದೇ ಆರು ರೆಕಾರ್ಡು. ಇದ್ಯಾವ ಮುಂದು?"

"ಕೇಳ್ತೀವಿ. ಪ್ರತಿಯೊಂದು ಸ್ವರ ನನಗೆ ಬಾಯಿಪಾಠ," ಎಂದ ಸರ್ವೇಯರ, ಹುತಾತ್ಮನ ದನಿಯಲ್ಲಿ.

"ಹಾಗಾದ್ರೆ ಆ ಬಾಯಿಪಾಠದ್ದೇ ಹಾಕಿ. ನಾಳೆ ಹತ್ತು ಗಂಟೆಗೆ. ಒಂದು ಸೈಡು. ಮಾತಿಲ್ಲ, ಸನ್ನೆ ಇಲ್ಲ, ಸೋಫಾ ಬಿಟ್ಟು ಏಳೋ ಹಾಗಿಲ್ಲ. ಮುಗಿದ ಮೇಲೆ ಏನು ಕೇಳಿಸ್ತು ಅಂತ ಒಬ್ಬೊಬ್ಬರಾಗಿ ಹೇಳಿ. ನಿಜವಾಗಿ ಕೇಳಿದೀರಿ ಅಂತ ಅನ್ನಿಸಿದ್ರೆ ಕೋಣೆ ನಿಮ್ಮದು, ಮತ್ತೆ ಈ ಮಾತೆತ್ತಲ್ಲ. ಇಲ್ಲಾಂದ್ರೆ ಸೋಮವಾರದಿಂದ ಟೇಬಲ್ ಒಳಗೆ, ನೀವು ಹೊರಗೆ."

ಆ ರಾತ್ರಿ ಸರ್ವೇಯರ ನೆಮ್ಮದಿಯಾಗಿ ನಿದ್ದೆಮಾಡಿದ. ಪ್ರಶ್ನೆಪತ್ರಿಕೆ ಬಯಲಾದ ಮೇಲೆ ಪರೀಕ್ಷೆಗೆ ಯಾರು ಹೆದರುತ್ತಾರೆ?

ಭಾನುವಾರ ಬೆಳಿಗ್ಗೆ ಅಕ್ಕ ತಾನೇ ರೆಕಾರ್ಡು ಒರೆಸಿ, ಮುಳ್ಳು ಇಳಿಸಿ, ಅಡುಗೆಮನೆಯ ಟೈಮರನ್ನು ಇಪ್ಪತ್ತೆರಡು ನಿಮಿಷಕ್ಕೆ ತಿರುಗಿಸಿ ಜೇಬಿಗೆ ಹಾಕಿಕೊಂಡಳು. ಗೋಡೆಯ ಆಚೆ ಮಂಡಿನೋವಿನ ಅಜ್ಜಿಯೊಬ್ಬರು ಕಾದಿದ್ದರು. ಬಾಗಿಲು ಎಳೆದುಕೊಂಡು ಹೋದಳು.

ಶುರು ಅಮೋಘವಾಗಿತ್ತು. ಗಂಟೆಗಳ ಸದ್ದು, ಗಾಳಿಯ ಸದ್ದು, ಆಮೇಲೆ ಎದೆ ತಟ್ಟುವ ಆರ್ಗನ್ನು. ಸರ್ವೇಯರ ಮನಸ್ಸಿನಲ್ಲೇ ಉಪಶೀರ್ಷಿಕೆ ಓದಿಕೊಂಡ. ಮೊದಲ ಭಾಗ, ಸರಿ. ಎರಡನೆಯದು, ಸರಿ. ಬಾಯಿ ಮಾತ್ರ ಕಡಿಯತೊಡಗಿತು. ಇಲ್ಲಿ ಅವನು ಸಾಮಾನ್ಯವಾಗಿ ಡ್ರಮ್ಮು ಬಾರಿಸುವವನ ಬಾಲ್ಯ ಹೇಳುತ್ತಿದ್ದ. ತುಟಿ ಕಚ್ಚಿ ಸಹಿಸಿಕೊಂಡ.

ಏಳನೇ ನಿಮಿಷದ ಸುಮಾರಿಗೆ ಆರ್ಗನ್ನು ಒಂದು ಸಣ್ಣ ಮೆಟ್ಟಿಲು ಹತ್ತಿತು, ನಿಂತಿತು, 'ಟಕ್' ಅಂತ ಮರ ಬಡಿದ ಸದ್ದು, ಮತ್ತೆ ಅದೇ ಮೆಟ್ಟಿಲು ಹತ್ತಿತು. ಮತ್ತೆ ಟಕ್. ಮತ್ತೆ ಮೆಟ್ಟಿಲು.

ಸರ್ವೇಯರ ಎಣಿಸಿದ. ಹನ್ನೊಂದು. ಮತ್ತೆ ಎಣಿಸಿದ. ಹನ್ನೊಂದೇ. ಇದು ಇಷ್ಟು ಉದ್ದ ಇತ್ತೇ? ನೆನಪು ಮಾಡಿಕೊಳ್ಳಲು ನೋಡಿದ. ಈ ಜಾಗದಲ್ಲಿ ಒಂಬತ್ತು ವರ್ಷದಿಂದ ತಾನು ಏನು ಮಾಡುತ್ತಿದ್ದೆ? ಮಾತಾಡುತ್ತಿದ್ದೆ. ಕೋಟೆಯವರು ಈ ಭಾಗವನ್ನು ಎಂಥ ಚಳಿಗಾಲದಲ್ಲಿ, ಎಂಥ ಮುರುಕು ಗೋದಾಮಿನಲ್ಲಿ ರಚಿಸಿದರು ಎಂಬ ಆ ದೀರ್ಘ ವೃತ್ತಾಂತ ಸರಿಯಾಗಿ ಇಲ್ಲೇ ಬರುತ್ತಿತ್ತು. ಅದಕ್ಕೆ ಡ್ರೈವರು ಆಕಳಿಸುವುದು, ಆ ಆಕಳಿಕೆಗೆ ತಾನು ಸಿಟ್ಟಾಗುವುದು, ಎಲ್ಲಾ ಮುಗಿಯುವಷ್ಟರಲ್ಲಿ ಐದನೇ ಭಾಗ ಬಂದಿರುತ್ತಿತ್ತು. ಅಂದರೆ ಇಲ್ಲಿ ಏನಿದೆಯೋ ದೇವರಿಗೇ ಗೊತ್ತು. ಇದೇ ಇರಬೇಕು. ಗಡಿಯಾರದಲ್ಲಿ ಸಿಕ್ಕಿಹಾಕಿಕೊಂಡ ರಾಜ! ಮುಳ್ಳು ಅಲ್ಲಲ್ಲೇ ಸುತ್ತುತ್ತಿದೆ! ಸರ್ವೇಯರನ ಕಣ್ಣು ಒದ್ದೆಯಾಯಿತು. ಎಂಥ ಮೇಧಾವಿಗಳು!

ವಾರೆಗಣ್ಣಲ್ಲಿ ಪಕ್ಕಕ್ಕೆ ನೋಡಿದ. ಡ್ರೈವರನ ಕತ್ತು ಸಡಿಲವಾಗಿತ್ತು. ಅವನ ಕಾಲು, ಅಲ್ಲಿಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ಮುಖದ ಮೇಲೆ, ಕೋಟೆಯವರ ಸನ್ನಿಧಿಯಲ್ಲಿ ಹಿಂದೆಂದೂ ಕಾಣದ ಮಂದಹಾಸ. ಒಂಬತ್ತು ವರ್ಷ ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಕೊನೆಗೂ ಫಲಿಸಿತು, ಕೋಣ ತಲೆದೂಗುತ್ತಿದೆ ಎಂದು ಸರ್ವೇಯರ ಹಿಗ್ಗಿದ.

ಟೈಮರು ಗೋಡೆಯಾಚೆ ಕಿರುಚಿತು. ಬಾಗಿಲು ತೆರೆಯಿತು. ಅಕ್ಕ ಒಳಬಂದು ಪ್ಲೇಯರಿನ ಪಕ್ಕ ಕೈಕಟ್ಟಿ ನಿಂತಳು. ಆರ್ಗನ್ನು ಇನ್ನೂ ಮೆಟ್ಟಿಲು ಹತ್ತುತ್ತಲೇ ಇತ್ತು. ಇಪ್ಪತ್ತೆರಡಕ್ಕೆ ಮುಗಿಯಬೇಕಾದದ್ದು ಇನ್ನೂ ಯಾಕೆ ಮುಗಿದಿಲ್ಲ ಎಂದು ಸೋಫಾದ ಯಾವ ಅರ್ಧಕ್ಕೂ ಹೊಳೆಯಲಿಲ್ಲ.

"ಹೇಳಪ್ಪಾ, ನೀನು ಮೊದಲು. ಏನು ಕೇಳಿಸ್ತು?"

"ಅಕ್ಕಾ," ಎಂದ ಡ್ರೈವರು. "ನಾನು ತಪ್ಪು ತಿಳಿದಿದ್ದೆ. ಕೋಟೆಯವರು ಕೋಟೆ ಬಾಗಿಲು ತೆಗೆದುಬಿಟ್ಟಿದಾರೆ ಕಣೇ! ಒಂದೇ ಮಾತು ಹಿಡ್ಕೊಂಡು ಕಾಲು ಗಂಟೆ! ಅವಸರ ಇಲ್ಲ, ಜಂಬ ಇಲ್ಲ. ಅದೂ ಪ್ರತಿ ಸಲ ಒಂಚೂರು ಬೇರೆ. ಆ ಮರ ಬಡಿಯೋನು ನೋಡು, ಮೊದಮೊದಲು ಹೆದರ್ತಾ ಬಡೀತಿದ್ದ, ಬರ್ತಾ ಬರ್ತಾ ಧೈರ್ಯ ಬಂತು. ಹೊಳೆಯವರ ಶುಕ್ರವಾರಕ್ಕೂ ಇಷ್ಟು ಕುದಿ ಇಲ್ಲ."

"ನೀವು ಹೇಳಿ."

ಸರ್ವೇಯರ ಎದ್ದೇ ನಿಂತ. "ಪ್ರತಿ ಸಲ ಬೇರೆ ಅಂತಾನಲ್ಲ, ಅದು ತಪ್ಪು. ಪ್ರತಿ ಸಲ ಅದೇ; ಅದೇ ಅದರ ಮಹಿಮೆ. ಹನ್ನೊಂದರ ತಾಳ. ಐದು, ಆರು, ಆಮೇಲೆ ಬೇಕಂತಲೇ ಬಿಟ್ಟ ಮೌನ, ಆ ಮೌನದ ತುದಿಗೆ ಟಕ್. ಇದನ್ನ ಆಕಸ್ಮಿಕವಾಗಿ ಯಾರೂ ಮಾಡೋಕಾಗಲ್ಲ. ಒಂದೊಂದು ಕೂದಲೆಳೆಯೂ ಅಳೆದಿದಾರೆ. ನಾನು ಅಳತೆ ಕೆಲಸದವನು, ನನಗೆ ಗೊತ್ತಾಗುತ್ತೆ."

"ಭಾವ, ನೀವು ಏನೇ ಅನ್ನಿ, ಇವತ್ತು ನಾವಿಬ್ಬರೂ ಒಂದು."

"ಒಂದು ಕಣಯ್ಯಾ!"

ಸ್ಪ್ರಿಂಗಿನ ಮೇಲುಗಡೆ, ಇತಿಹಾಸದಲ್ಲೇ ಮೊದಲ ಬಾರಿಗೆ, ಎರಡು ಕೈಗಳು ಕುಲುಕಿದವು. ಅಕ್ಕ ತಡೆಯಲಿಲ್ಲ. ಒಳ್ಳೆ ದಂತವೈದ್ಯರ ಹಾಗೆ, ಬಾಯಿ ಪೂರ್ತಿ ತೆರೆಯುವವರೆಗೂ ಕಾದಳು.

"ಆಯ್ತಾ? ಇನ್ನೇನಾದ್ರೂ ಸೇರಿಸೋದಿದೆಯಾ?"

"ಸಾಕು," ಎಂದ ಸರ್ವೇಯರ ಉದಾರವಾಗಿ.

"ಬನ್ನಿ ಇಲ್ಲಿ."

ಇಬ್ಬರೂ ಬಂದು ಬಗ್ಗಿ ನೋಡಿದರು. ಮುಳ್ಳು ಒಳಗಡೆಗೆ ಸಾಗುತ್ತಿತ್ತು, ಕೂದಲಿನಷ್ಟು ಬಿಳಿಯ ಒಂದು ಗೀರಿಗೆ ಬಂದು ತಾಗುತ್ತಿತ್ತು, ಟಕ್ ಅಂತ ಮೂರು ಗೆರೆ ಹಿಂದಕ್ಕೆ ಎಗರುತ್ತಿತ್ತು.

"ಹೋದ ವಾರ ಯಾರ ರೆಕಾರ್ಡು ಮೊದಲು ಅಂತ ಇಬ್ಬರೂ ಮುಳ್ಳು ಹಿಡಿದು ಎಳೆದಾಡಿದ್ರಲ್ಲ, ಆಗ ಬಿದ್ದದ್ದು ಇದು. ರಚಿಸಿದೋರು ನೀವೇ. ಎಂಟನೇ ನಿಮಿಷಕ್ಕೇ ಅಜ್ಜಿ ಹೇಳಿದ್ರು, 'ಏನಮ್ಮಾ, ನಿಮ್ಮ ಮನೆ ಪ್ಲೇಟು ಸಿಕ್ಕಾಕ್ಕೊಂಡಿದೆ, ಯಾರೂ ಇಲ್ವಾ ಒಳಗೆ?' ಅಂತ. ಅವರಿಗೆ ಎಡಗಿವಿ ಕೇಳಲ್ಲ."

ಬಾಯಿಪಾಠ ಎಂದದ್ದು, ಮಹಿಮೆ ಎಂದದ್ದು, ಕೂದಲೆಳೆ ಎಂದದ್ದು, ಎಲ್ಲವೂ ಸಾಲುಗಟ್ಟಿ ಬಂದು ಸರ್ವೇಯರನ ಕಪಾಳಕ್ಕೆ ಬಾರಿಸಿ ಹೋದವು. ಅಕ್ಕ ಬೆರಳ ತುದಿಯಲ್ಲಿ ಮುಳ್ಳನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು.

ಆರ್ಗನ್ನು ಸುಮ್ಮನಾಯಿತು. ಒಂದು ಗಿಟಾರು, ಒಂದೇ ಒಂದು, ಯಾವ ತಾಳದ ಹಂಗೂ ಇಲ್ಲದೆ ಮೆಲ್ಲಗೆ ನಡೆದು ಬಂತು. ಅದರ ಹಿಂದೆ ಒಬ್ಬನ ದನಿ, ಗುನುಗು. ಉಪಶೀರ್ಷಿಕೆಗೆ ಸಿಗುವಂಥದ್ದಲ್ಲ, ವಾರದ ಹೆಸರಿಡುವಂಥದ್ದೂ ಅಲ್ಲ. ಎರಡು ನಿಮಿಷ ಇದ್ದಿರಬಹುದು.

"ಇದು ಯಾವ ಬ್ಯಾಂಡು ಭಾವ?" ಪಿಸುಗುಟ್ಟಿದ ಡ್ರೈವರು.

ಸರ್ವೇಯರ ಬಾಯಿ ತೆರೆದ. ಅವನು ಇದನ್ನು ಕೇಳುತ್ತಿದ್ದದ್ದು ಇದೇ ಮೊದಲು. ಬಾಯಿ ಮುಚ್ಚಿದ. ಇಂಥದೊಂದು ಇಲ್ಲಿ, ತನ್ನದೇ ಮನೆಯಲ್ಲಿ, ತನ್ನದೇ ಮಾತಿನ ಕೆಳಗೆ ಒಂಬತ್ತು ವರ್ಷ ಬಿದ್ದಿತ್ತು ಎನಿಸಿ ಒಂದು ಗಳಿಗೆ ಅವನಿಗೆ ನಿಜವಾಗಿಯೂ ಸಂಕಟವಾಯಿತು. ಗಳಿಗೆಯಷ್ಟೇ. ಅಷ್ಟರಲ್ಲಿ ಅಕ್ಕ ಮುಳ್ಳು ಎತ್ತಿದಳು.

"ಟೇಪು ತನ್ನಿ. ಟೇಬಲ್ ಎಲ್ಲಿ ಕೂರುತ್ತೆ ಅಂತ ಅಳೀಬೇಕು. ಅಳತೆ ಕೆಲಸದವರಲ್ವಾ ನೀವು?"

ಸರ್ವೇಯರ ತನ್ನ ಕೋಣೆಯನ್ನು ತಾನೇ ಅಳೆದ. ಟೇಪಿನ ಇನ್ನೊಂದು ತುದಿ ಡ್ರೈವರನ ಕೈಯಲ್ಲಿ. ಅಕ್ಕ ಕಿಟಕಿಯ ಹತ್ತಿರ ನಿಂತು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಸೋಫಾ ಬೀದಿಗೆ, ಸ್ಪೀಕರು ಅಟ್ಟಕ್ಕೆ ಎಂದು ತೀರ್ಮಾನವಾಯಿತು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಇಬ್ಬರೂ ಮೂಲೆಯಿಂದ ಮೂಲೆಗೆ ತಲೆ ತಗ್ಗಿಸಿ ನಡೆದರು.

ಬಾಗಿಲ ಪಕ್ಕದ ಮೂಲೆಯಲ್ಲಿ ಬಗ್ಗಿದಾಗ ಡ್ರೈವರು ಉಸಿರಲ್ಲೇ ಹೇಳಿದ: "ಭಾವ, ಬಸ್ ಡಿಪೋದಲ್ಲಿ ಹಳೇ ಟೈರಿನ ಕೋಣೆ ಒಂದಿದೆ. ಖಾಲಿ. ಮೇಲ್ವಿಚಾರಕ ನನ್ನ ಸ್ನೇಹಿತ."

ಸರ್ವೇಯರ ಟೇಪನ್ನು ಗೋಡೆಗೆ ಒತ್ತಿ ಹಿಡಿದ. "ಕರೆಂಟಿದೆಯಾ?"

"ಇದೆ."

"ನಾವೀಗ ಕೇಳಿದ್ವಲ್ಲ, ಆ ಗಿಟಾರು. ಅಲ್ಲಿ ಹೋಗಿ ಬಾಯಿ ಮುಚ್ಕೊಂಡು ಅದನ್ನ ಪೂರ್ತಿ ಕೇಳ್ಬೇಕು."

"ಕೇಳೋಣ ಭಾವ. ಖಂಡಿತ. ಹೊಳೆಯವರ ಗಾಳಿ ಬೀಸಿದೆ ಅದರ ಮೇಲೆ, ಗೊತ್ತಾಯ್ತಲ್ಲ?"

ಸರ್ವೇಯರ ತಲೆಯೆತ್ತಿದ. "ಯಾರ ಗಾಳಿ?"

"ಹೊಳೆಯವರದ್ದು. ಹರೀತಿತ್ತಲ್ಲ ಅದು."

"ಹರಿಯೋದಾ? ಏಳು ಭಾಗದ ನಡುವೆ ನಾಲ್ಕನೇದಾಗಿ ಲೆಕ್ಕ ಹಾಕಿ ಕೂರಿಸಿದಾರೆ ಕಣಯ್ಯಾ ಅದನ್ನ! ಅದರ ಮೊದಲು ಅಷ್ಟು ಕಟ್ಟಡ ಇಲ್ಲದಿದ್ರೆ..."

"ಕಟ್ಟಡ ಬಿದ್ದುಹೋದ ಮೇಲೆ ತಾನೇ ಅದು ಬಂದದ್ದು!"

"ಅಗಲ ಎಷ್ಟಾಯ್ತು?" ಎಂದು ಕಿಟಕಿಯ ಹತ್ತಿರದಿಂದ ಅಕ್ಕ ಕೇಳಿದಳು. ಯಾರಿಗೂ ಕೇಳಿಸಲಿಲ್ಲ. ಅವಳು ಬಂದು ಇಬ್ಬರ ಕೈಯಿಂದಲೂ ಟೇಪು ಕಿತ್ತುಕೊಂಡು, ಒಂದು ತುದಿಯನ್ನು ಕಾಲಲ್ಲಿ ಮೆಟ್ಟಿ, ತಾನೇ ಅಳೆದುಕೊಂಡಳು.