ದುರಗವ್ವನಿಗೆ ಖುರ್ಚಿ ಹಾಕಿದ ದಿನ

"ಏ ದುರಗಿ, ಪಾವಟಿಗಿ ಬಿಟ್ಟ ಕೆಳಗ ಸರಿ, ರಂಡಿ! ನಿನ್ನ ನೆರಳ ಒಳಗ ಬೀಳಾಕತ್ತೈತಿ," ಎಂದು ಪೊಲೀಸ ಪಾಟೀಲ ದ್ಯಾಮಣ್ಣ ಚಾವಡಿಯ ಬಾಗಿಲಲ್ಲಿ ನಿಂತು ಒದರುತ್ತಿದ್ದ. ಅಷ್ಟರಲ್ಲಿ ಒಳಗಿನಿಂದ ಅವನ ಅಣ್ಣ, ಪಂಚಾಯತಿ ಚೇರಮನ್ ಸಿದ್ದಲಿಂಗಪ್ಪಗೌಡರ ದನಿ ಬಂತು:

"ದುರಗವ್ವನವರ, ಒಳಗ ಬರ್ರಿ. ಖುರ್ಚಿ ಹಾಕೇವಿ."

ಬೈಗುಳಕ್ಕೆ ಅಂಜುವ ಹೆಣ್ಣಲ್ಲ ದುರಗವ್ವ. ಅದನ್ನು ದಿನಕ್ಕೆ ನಾಲ್ಕು ಸಲ ಉಂಡು ಅರಗಿಸಿಕೊಂಡವಳು. ಆದರೆ ಈ ಮರ್ಯಾದೆಯ ಮಾತಿಗೆ ಅಂಜಿದಳು. ಗೌಡರು ಹೊಲಗೇರಿಯ ಹೆಂಗಸಿಗೆ ಖುರ್ಚಿ ಹಾಕುತ್ತಾರೆಂದರೆ ಹಿಂದೆ ಏನೋ ಮಸಲತ್ತು ಇರಲೇಬೇಕು.

ಎರಡು ವರ್ಷದ ಹಿಂದೆ ಹೊಸ ಕಾಯಿದೆ ಬಂದು ಪಂಚಾಯತಿಯಲ್ಲಿ ಅವಳ ಜಾತಿಗೊಂದು ಜಾಗ ಮೀಸಲಾಗಿತ್ತು. ಗಂಡ ಸತ್ತವಳು, ಓದು ಬಾರದವಳು, ಬಾಯಿ ಬಿಡದವಳು ಎಂದು ನೋಡಿಯೇ ಗೌಡರು ಅವಳನ್ನು ಮೆಂಬರ್ ಮಾಡಿದ್ದರು. ಅಂದಿನಿಂದ ಸಭೆಯೆಂದರೆ ಅವಳು ಹೊರಗೆ ಪಾವಟಿಗೆಯ ಮೆಟ್ಟಿಲ ಮೇಲೆ ಕೂಡುವುದು. ಸೆಕ್ರೆಟರಿ ಕುಬೇರಪ್ಪ ಸಭೆಯ ನಿರ್ಣಯ ಬರೆಯುವ ಠರಾವಿನ ಪುಸ್ತಕವನ್ನು ಕಾಲಿನಿಂದ ಹೊರಗೆ ದೂಡುವುದು, ಅವಳು ಹೆಬ್ಬೆಟ್ಟು ಒತ್ತಿದ ಮೇಲೆ ನೀರು ಚಿಮುಕಿಸಿ ಎತ್ತಿಕೊಳ್ಳುವುದು. ದುರಗವ್ವ ಊರಾಳಿದ್ದು ಹೀಗೆ.

ಒಳಗೆ ಹೋದಳು. ಪಂಚಾಯತಿ ತಪಾಸಣೆಗೆಂದು ಧಾರವಾಡದಿಂದ ಜೀಪಿನಲ್ಲಿ ಬಂದ ಸಾಹೇಬರು ಗೌಡರ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದರು. ಅವಳ ಖುರ್ಚಿ ಮಾತ್ರ ಎಲ್ಲರಿಂದ ಎರಡು ಮಾರು ದೂರ. ಅವಳು ಕೂಡಲಿಲ್ಲ.

ಕುಬೇರಪ್ಪ ಇಂದು ಬಗ್ಗಿ ಪುಸ್ತಕವನ್ನು ಕೈಯಿಂದಲೇ ಆ ಖುರ್ಚಿಯ ಮೇಲಿಟ್ಟ. ಇಡುವ ಮೊದಲು ಓದಿದ: "ಕೇರಿಗೆ ಎರಡು ಕಂದೀಲು ಕೂಡ್ರಿಸತಕ್ಕದ್ದೆಂದು ಠರಾಯಿಸಲಾಯಿತು. ಆತು, ಒತ್ತವಾ."

ದುರಗವ್ವ ಹಾಳೆಯನ್ನು ನೋಡಿದಳು. ಅಕ್ಷರ ಬಾರದಿದ್ದರೇನು, ಹತ್ತಿ ಹೊಲದಲ್ಲಿ ಸಾಲು ಎಣಿಸಿ ಕಳೆ ಕಿತ್ತವಳು.

"ಹದಿನೆಂಟ ಸಾಲ ಬರದೀರಿ, ಒಂದ ಸಾಲ ಓದಿದ್ರಿ. ಉಳಿದಿದ್ದ ಯಾರ ಓದ್ತಾರ್ರಿ?"

"ಅದು ಕಾಯಿದೆ ಮಾತು. ನಿನ್ನ ತಲಿಗೆ ಹತ್ತೂದಲ್ಲ," ಎಂದರು ಗೌಡರು. ಮರ್ಯಾದೆ ಅಷ್ಟಕ್ಕೇ ತೀರಿತ್ತು.

"ಸಾಹೇಬ್ರ, ನೀವರ ಓದ್ರಿ."

ಸಾಹೇಬರು ಗೌಡರ ಮುಖ ನೋಡಿದರು, ಕನ್ನಡಕ ಏರಿಸಿದರು, ಎದ್ದು ಬಂದು ದೂರದಿಂದಲೇ ಬಗ್ಗಿ ಓದಿದರು. ಕೇರಿಯ ಹಿಂದಿನ ಎರಡು ಎಕರೆ ಸುಡುಗಾಡು ಉಪಯೋಗದಲ್ಲಿ ಇಲ್ಲವಾದ್ದರಿಂದ, ಗೌಡರ ಹತ್ತಿ ಜಿನ್ನಿನ ಕಾರಖಾನೆಗೆ ಬಿಟ್ಟುಕೊಡಲು ಕೇರಿಯ ಮೆಂಬರರ ಒಪ್ಪಿಗೆ ಇದೆ. ಕಂದೀಲು ಕೊನೆಯ ಸಾಲಿನಲ್ಲಿದ್ದವು.

"ಉಪಯೋಗ ಇಲ್ಲ?" ಎಂದಳು ದುರಗವ್ವ. "ನನ್ನ ರಾಮಪ್ಪ ಅಲ್ಲೇ ಮಲಗ್ಯಾನ. ಹ್ವಾದ ದೀಪಾವಳಿಗೆ ಮೊಮ್ಮಗಳನ್ನ ಮಣ್ಣ ಮಾಡೇನಿ. ಯಾ ಹಾಟ್ಯಾ ಹೇಳಿದಾ ಉಪಯೋಗ ಇಲ್ಲಂತ?"

"ಪಾಟೀಲರು ಪಂಚನಾಮಾ ಮಾಡ್ಯಾರವಾ. ತಕರಾರು ಇದ್ದರ ನ್ಯಾಯ ಪಂಚಾಯತಿಗೆ ಅರ್ಜಿ ಕೊಡು," ಎಂದರು ಸಾಹೇಬರು.

"ಅದರ ಹಿರ್ಯಾ ಗೌಡರ ಬೀಗರಿ. ನಾ ನಿಮಗ ಹೇಳ್ತೇನಿ."

"ಅದು ನನ್ನ ಕೆಲಸ ಅಲ್ಲ. ಠರಾವು ಪಂಚಾಯತಿದು, ಪಂಚನಾಮಾ ಪಾಟೀಲರದು, ನ್ಯಾಯ ಹೇಳೂದು ನ್ಯಾಯ ಪಂಚಾಯತಿದು. ಒಬ್ಬರ ಅಧಿಕಾರದಾಗ ಇನ್ನೊಬ್ಬರು ಕೈ ಹಾಕಬಾರದಂತ ಸಂವಿಧಾನದಾಗ ಹಂಚಿಟ್ಟಾರ. ನಾ ಬರೇ ಸಹಿ ನೋಡಿ ಹೋಗಾಂವ."

"ಹಂಚ್ಯಾರ ಖರೇರಿ. ಒಂದ ಮನ್ಯಾಗ ಹಂಚ್ಯಾರ! ಮೂರೂ ಮಂದಿ ಒಂದ ಪಂಕ್ತ್ಯಾಗ ಕುಂತ ಉಣ್ತಾರ. ನಾ ಯಾರ ಮುಂದ ಅಳ್ಲಿ?"

ದ್ಯಾಮಣ್ಣ ಬಡಿಗೆ ಎತ್ತಿಕೊಂಡ. "ಒತ್ತತಿಯೋ, ಕೈ ಮುರಿಲ್ಯೋ?"

"ನನ್ನ ಮುಂದ ಬಡೀಬ್ಯಾಡ್ರಿ," ಎಂದರು ಸಾಹೇಬರು ಗಾಬರಿಯಿಂದ. "ವರದಿ ಬರೀಬೇಕಾಗತದ."

ದುರಗವ್ವನಿಗೆ ಹೆದರಿಕೆಯಾಗಿತ್ತು, ಸುಳ್ಳೇಕೆ. ಸಾಹೇಬರ ಜೀಪು ಹೋದ ಮೇಲೆ ಈ ಬಡಿಗೆ ಎಲ್ಲಿಗೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಪುಸ್ತಕ ಮುಚ್ಚಿದಳು. ಸೆರಗು ಸಿಗಿಸಿ, ಆ ಪುಸ್ತಕದ ಮೇಲೆಯೇ, ಅವರು ಹಾಕಿದ ಖುರ್ಚಿಯಲ್ಲಿ ಕಾಲು ಮಡಚಿ ಕೂತುಬಿಟ್ಟಳು.

"ಎಳೀರೋ ಅಕಿನ್ನ!" ಗೌಡರು ಚೀರಿದರು.

ದ್ಯಾಮಣ್ಣ ಎರಡು ಹೆಜ್ಜೆ ಬಂದು ನಿಂತ. ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡ. "ಮುಟ್ಟಬೇಕಾಕ್ಕೈತಿ ಅಣ್ಣಾ. ಕುಬೇರಪ್ಪ, ಪುಸ್ತಕ ನಿಂದು, ನೀ ತಗಿ."

"ನಾ ಬರಿಯಾಂವರಿ, ಎಳಿಯಾಂವ ಅಲ್ಲ. ಎಬ್ಬಸೂದು ಪೊಲೀಸ ಪಾಟೀಲರ ಕೆಲಸ."

"ಚೇರಮನ್ನರು ಹೇಳಿದ್ರ ಸಭಾದಾಗಿಂದ ಹೊರಗ ಹಾಕಬಹುದು," ಎಂದು ಸಾಹೇಬರು ಗೋಡೆ ನೋಡುತ್ತ ಗೊಣಗಿದರು.

ಗೌಡರು ಖುರ್ಚಿ ಬಿಟ್ಟೆದ್ದರು. ಎದ್ದವರು ಅಲ್ಲೇ ನಿಂತರು. ನಾಲ್ಕು ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು.

"ಎಬ್ಬಸಾಂವ ಯಾರಂತ ಒಂದ ಠರಾವ ಮಾಡ್ರೆಲಾ," ಎಂದಳು ದುರಗವ್ವ.

ಠರಾವು ಬರೆಯುವ ಪುಸ್ತಕ ಅವಳ ಕೆಳಗಿತ್ತು.